ತೊಟ್ಟಿಲು ಬರಿದಾದ ಮನೆಗೆ ಹೋಗುವಾಗ

ಚೆನ್ನಾಗಿಯೇ ಇದ್ದ ಕೂಸು ರಾತ್ರಿ ಮಲಗಿದ್ದು ಬೆಳಿಗ್ಗೆ ಏಳಲಿಲ್ಲ. ಇಂಥ ಸುದ್ದಿ ಬಂದ ಕೂಡಲೇ ಊರಲ್ಲಿ ಕಾರಣಗಳು ಹುಟ್ಟಿಕೊಳ್ಳುತ್ತವೆ: ದೃಷ್ಟಿ ತಾಗಿತು, ಹಾಲು ನೆತ್ತಿಗೆ ಹತ್ತಿತು, ತಾಯಿ ನಿದ್ದೆಗಣ್ಣಲ್ಲಿ ಹೊರಳಿದಳು. ವೈದ್ಯರು ಹೇಳುವುದೇ ಬೇರೆ. ಒಂದು ವರ್ಷದೊಳಗಿನ ಶಿಶು ಹಠಾತ್ತನೆ ತೀರಿಕೊಂಡು, ಮರಣೋತ್ತರ ಪರೀಕ್ಷೆ ಮತ್ತು ಪೂರ್ತಿ ವಿಚಾರಣೆಯ ನಂತರವೂ ಕಾರಣ ಸಿಗದ ಸಾವುಗಳಿವೆ. ಎರಡರಿಂದ ನಾಲ್ಕು ತಿಂಗಳ ಕೂಸುಗಳಲ್ಲಿ ಇದು ಹೆಚ್ಚು. ಅಂಗಾತ ಮಲಗಿಸುವುದು, ಬೀಡಿ ಸಿಗರೇಟಿನ ಹೊಗೆಯಿಂದ ದೂರ ಇಡುವುದು ಅಪಾಯವನ್ನು ತಗ್ಗಿಸುತ್ತವೆ. ಆದರೆ ಎಲ್ಲ ಎಚ್ಚರ ವಹಿಸಿದ ಮನೆಯಲ್ಲೂ ಹೀಗಾಗುತ್ತದೆ. (ಆ ಸಲಹೆ ಬಸುರಿಯಿರುವ ಮನೆಗೆ. ದುಃಖದ ಮನೆಯಲ್ಲಿ ಅದು ಬೈಗುಳವಾಗಿ ಕೇಳಿಸುತ್ತದೆ.)

ಕಾರಣ ತಿಳಿಯದ ಸಾವಾದ್ದರಿಂದ ಪೊಲೀಸರು ಬರಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನ ಪ್ರಕಾರ ನಡೆಯುವ ಈ ವಿಚಾರಣೆ ಆರೋಪವಲ್ಲ. ನಮ್ಮ ಗಡಿಯೂರುಗಳಲ್ಲಿ ತೊಡಕು ಬರುವುದು ಕಾಗದದ ಭಾಷೆಯಿಂದ. ಪಂಚನಾಮೆ ಅಕ್ಕಲಕೋಟೆಯಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ಮಡಕಶಿರಾದಲ್ಲಿ ತೆಲುಗು. ಕಣ್ಣೀರು ಆರದ ತಂದೆ, ಏನು ಬರೆದಿದೆ ಎಂದು ತಿಳಿಯದೆ ಸಹಿ ಹಾಕಿಬಿಡುತ್ತಾನೆ. ಎರಡೂ ಭಾಷೆ ಓದಬಲ್ಲವರೊಬ್ಬರು ಆ ಹೊತ್ತಿಗೆ ಪಕ್ಕದಲ್ಲಿ ನಿಂತು ಓದಿ ಹೇಳಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಸಾವಿನ ನೋಂದಣಿ 21 ದಿನಗಳೊಳಗೆ ಆಗಬೇಕು, ಅದೂ ಸಾವು ಸಂಭವಿಸಿದ ಊರಿನಲ್ಲೇ. ಬಾಣಂತನಕ್ಕೆಂದು ವಿಜಯಪುರದ ತವರಿಗೆ ಹೋದ ಜತ್ತಿನ ಸೊಸೆಯ ಕೂಸು ಅಲ್ಲಿ ಹೋದರೆ ಅಲ್ಲಿಯೇ. ಜನನ ನೋಂದಣಿ ಆಗಿರದಿದ್ದರೆ ಅದನ್ನೂ ಮಾಡಿಸಬೇಕು. ನಾಲ್ಕು ದಿನ ಬದುಕಿದ ಕೂಸಿಗೂ ಅದು ಸಲ್ಲಬೇಕಾದದ್ದೇ.

ಹಾಲಿನ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕೂಸು ಹೋದದ್ದು ತಾಯಿಯ ಮೈಗೆ ಗೊತ್ತಾಗದು, ಎದೆ ತುಂಬಿ ಕಲ್ಲಾಗುತ್ತದೆ. ಪೂರ್ತಿ ಹಿಂಡಿ ತೆಗೆದರೆ ಹಾಲು ಮತ್ತೆ ಇಳಿಯುತ್ತದೆ. ನೋವು ತಗ್ಗುವಷ್ಟು ಮಾತ್ರ ಹಿಂಡಿ, ದಿನದಿಂದ ದಿನಕ್ಕೆ ಕಡಿಮೆ ಮಾಡಬೇಕು. ತಣ್ಣೀರ ಬಟ್ಟೆ ಹಾಕಬಹುದು. ಜ್ವರ ಬಂದರೆ, ಎದೆ ಕೆಂಪಾದರೆ ವೈದ್ಯರ ಬಳಿ ಹೋಗಲೇಬೇಕು. ಇದನ್ನು ಹಿರಿಯ ಹೆಂಗಸೊಬ್ಬರು ಅವಳ ಪಕ್ಕ ಕೂತು ಮೆಲ್ಲಗೆ ಹೇಳಲಿ.

ನಮ್ಮಲ್ಲಿ ಹಸುಗೂಸನ್ನು ಹೂಳುತ್ತಾರೆ, ಎಷ್ಟೋ ಮನೆಗಳಲ್ಲಿ ತಾಯಿಯನ್ನು ಅಲ್ಲಿಗೆ ಬಿಡುವುದಿಲ್ಲ, ತಿಥಿಯೂ ಇಲ್ಲ. ಮರೆಯಲಿ ಎಂದು ಕುಲಾವಿ, ಫೋಟೊ ಎಲ್ಲ ಮಾಯ ಮಾಡುತ್ತಾರೆ. ಅವಳನ್ನು ಕೇಳದೆ ಹಾಗೆ ಮಾಡುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. "ಇನ್ನೊಂದು ಆಗುತ್ತದೆ ಬಿಡು" ಎನ್ನುವ ಬದಲು ಕೂಸಿನ ಹೆಸರು ಹಿಡಿದು ಮಾತಾಡಿ. ಮರುವಾರವೇ ಕೆಲಸಕ್ಕೆ ಹೊರಟ ಗಂಡನನ್ನೂ ವಿಚಾರಿಸಿ.

ನಿದ್ದೆ, ಊಟ ಬಿಟ್ಟು, ಬದುಕೇ ಬೇಡ ಎನ್ನುವಂತಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ಕರೆ ಉಚಿತ, ಭಾಷೆಗಳ ಆಯ್ಕೆಯಲ್ಲಿ ಕನ್ನಡವೂ ಇದೆ.

ಮೊದಲ ವಾರ ಮನೆ ತುಂಬ ಜನ, ಮೂರನೇ ತಿಂಗಳಿಗೆ ಯಾರೂ ಇಲ್ಲ. ಸದಸ್ಯರು ಆಗ ಹೋಗಬೇಕೆಂದು ಕೋರುತ್ತೇವೆ. ಎರಡು ಭಾಷೆಯ ಕಾಗದ ಓದಿ ಹೇಳಬಲ್ಲವರು ತಮ್ಮ ಊರಿನ ಘಟಕದಲ್ಲಿ ಹೆಸರು ಬರೆಸಿ.