ಪಾದ ನುಡಿಸುವ ಸ್ವರ

ವಿದ್ಯುತ್ ಗಿಟಾರ್ ವಾದಕರ ಪಾದದಡಿ ಹೊಲಿಗೆ ಯಂತ್ರದ ತುಳಿಹಲಗೆಯಂಥ ಸಾಧನವೊಂದನ್ನು ನೀವು ಗಮನಿಸಿರಬಹುದು. ಅದೇ ಪೆಡಲ್. ರೇಡಿಯೋ ಗುಂಡಿಯನ್ನು ಬೆರಳು ತಿರುಗಿಸುವಂತೆ, ಇಲ್ಲಿ ಪಾದದ ಚಲನೆ ಒಳಗಿನ ರೋಧಕವನ್ನು ತಿರುಗಿಸುತ್ತದೆ. 1966ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ‘ವಾ-ವಾ’ ಪೆಡಲಿನ ತತ್ವವೂ ಇದೇ.

ರೋಧಕದಲ್ಲಿ ಇಂಗಾಲದ ಪಟ್ಟಿಯ ಮೇಲೆ ಲೋಹದ ತುದಿ ಉಜ್ಜುತ್ತಾ ಸಾಗುತ್ತದೆ. ವರ್ಷಗಳ ತುಳಿತಕ್ಕೆ ಪಟ್ಟಿ ಸವೆದು, ಧೂಳು ಸೇರಿ, ಸ್ವರದೊಡನೆ ‘ಕರಕರ’ ಸದ್ದೂ ಹೊರಡುತ್ತದೆ. ಕೆಲವು ಪೆಡಲುಗಳಲ್ಲಿ ಈ ಕೆಲಸವನ್ನು ಬೆಳಕು ಮಾಡುತ್ತದೆ. ಅಲ್ಲಿ ಉಜ್ಜುವ ಪಟ್ಟಿಯೇ ಇಲ್ಲ.

ಹಲಗೆಯ ಬಿಗಿಯೂ ಮುಖ್ಯ. ತೀರ ಸಡಿಲವಾದರೆ ಪಾದವೆತ್ತಿದೊಡನೆ ಹಲಗೆ ಜಾರಿ ಸ್ವರ ಬದಲಾಗುತ್ತದೆ. ತೀರ ಬಿಗಿಯಾದರೆ ನವಿರಾದ ಏರಿಳಿತ ಸಾಧ್ಯವಾಗದು. ಅನೇಕ ಪೆಡಲುಗಳಲ್ಲಿ ಬಿಗಿಯನ್ನು ತಿರುಪಿನಿಂದ ಸರಿಪಡಿಸಬಹುದು. ಸವೆದ ರೋಧಕವನ್ನು ಮಾತ್ರ ಬದಲಿಸಲೇಬೇಕು. ಆದ್ದರಿಂದ ಹಳೆಯ ಪೆಡಲ್ ಕೊಳ್ಳುವಾಗ ನಿಧಾನವಾಗಿ ತುಳಿದು, ಕಿವಿಗೊಟ್ಟು ಕೇಳಿ.