ಬೆನ್ನಡಿಯ ಚಳಿ

ಮಾಗಿಯ ಬೆಳಗಿನಲ್ಲಿ ಹಾಸಿಗೆಯಿಂದ ಎದ್ದು ಒಂದು ಕಾಲನ್ನು ಚಾಪೆಯ ಮೇಲೆ, ಇನ್ನೊಂದನ್ನು ಕಡಪ ಕಲ್ಲಿನ ನೆಲದ ಮೇಲೆ ಇಟ್ಟು ನೋಡಿ. ಕಲ್ಲು ಕೊರೆಯುತ್ತದೆ, ಚಾಪೆ ಕೊರೆಯುವುದಿಲ್ಲ. ಆದರೆ ರಾತ್ರಿಯಿಡೀ ಒಂದೇ ಕೋಣೆಯಲ್ಲಿದ್ದ ಎರಡರ ಉಷ್ಣತೆಯೂ ಒಂದೇ! ವ್ಯತ್ಯಾಸವಿರುವುದು, ಪಾದದ ಶಾಖವನ್ನು ಅವು ಎಷ್ಟು ಬೇಗ ಸೆಳೆದುಕೊಳ್ಳುತ್ತವೆ ಎಂಬುದರಲ್ಲಿ.

ಹೈಸ್ಕೂಲಿನ ಉಷ್ಣವಹನದ ಪಾಠದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬಂದುಹೋಗುವ ಈ ಸಂಗತಿ, ಡಿಸೆಂಬರ್ ರಜೆಯಲ್ಲಿ ಹಿಮಾಲಯದ ಚಾರಣಕ್ಕೆ ಹೊರಟ ವಿದ್ಯಾರ್ಥಿಗೆ ಇಡೀ ರಾತ್ರಿಯ ಪ್ರಶ್ನೆಯಾಗುತ್ತದೆ. ಉತ್ತರಾಖಂಡದ ಕೇದಾರಕಂಠ ಸುಮಾರು 3,800 ಮೀಟರ್ ಎತ್ತರದ ಶಿಖರ. ಚಳಿಗಾಲದಲ್ಲಿ ಅದರ ಬುಡದ ಶಿಬಿರಗಳಲ್ಲಿ ಡೇರೆ ಹಾಕುವುದು ಎಷ್ಟೋ ಸಲ ಹಿಮದ ಮೇಲೆಯೇ. ಮಗ ಅಥವಾ ಮಗಳನ್ನು ಕಳಿಸುವ ಮನೆಯವರು ಜಾಕೆಟ್ಟು, ಕೈಗವಸು, ಸ್ಲೀಪಿಂಗ್ ಬ್ಯಾಗುಗಳಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಅಡಿಗೆ ಏನು ಹಾಸುವುದು ಎಂದು ಕೇಳಿದರೆ ಮಾತ್ರ, 'ಒಂದು ಜಮಖಾನ ಮಡಚಿ ಇಟ್ಟುಕೋ' ಎಂಬ ಉತ್ತರ.

ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿರುವುದು ಅದರೊಳಗಿನ ಪುಕ್ಕ ಅಥವಾ ನಾರು ಹಿಡಿದಿಟ್ಟ ಗಾಳಿಯಿಂದ. ಮಲಗಿದವನ ಭಾರಕ್ಕೆ ಬೆನ್ನಡಿಯ ಭಾಗ ಅಪ್ಪಚ್ಚಿಯಾಗಿ ಗಾಳಿ ಹೊರಹೋದರೆ ಅಲ್ಲಿ ಉಳಿಯುವುದು ಎರಡು ಪದರ ಬಟ್ಟೆ ಅಷ್ಟೆ. ಎಷ್ಟು ದುಬಾರಿಯ ಬ್ಯಾಗ್ ಆದರೂ ಕೆಳಗಿನ ಚಳಿಗೆ ಅದು ಹೆಚ್ಚೇನೂ ಮಾಡಲಾರದು. ನಮ್ಮ ಕುರಿಗಾಹಿಗಳು ಕಂಬಳಿಯನ್ನು ಹೊದೆಯುವುದಷ್ಟೇ ಅಲ್ಲ, ಹಾಸಿಕೊಳ್ಳುತ್ತಾರೆ ಕೂಡ. ಉಣ್ಣೆ ಹತ್ತಿಯಷ್ಟು ಸುಲಭವಾಗಿ ಅಪ್ಪಚ್ಚಿಯಾಗುವುದಿಲ್ಲ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಅದು ಭಾರ ಎಂಬುದೊಂದೇ ತೊಂದರೆ.

ಸ್ವಲ್ಪ ಲೆಕ್ಕ ಮಾಡೋಣ. ಹಾಸುಗಳ ಮೇಲೆ 'ಆರ್ ಮೌಲ್ಯ' ಎಂಬ ಅಂಕಿ ಅಚ್ಚಾಗಿರುತ್ತದೆ. ಶಾಖ ದಾಟಿಹೋಗದಂತೆ ತಡೆಯುವ ಶಕ್ತಿಯ ಅಳತೆ ಅದು, ಹೆಚ್ಚಿದ್ದಷ್ಟೂ ಬೆಚ್ಚಗೆ. ಅಂಕಿ ಅಮೆರಿಕದ ಏಕಮಾನದಲ್ಲಿದೆ. 5.68ರಿಂದ ಭಾಗಿಸಿದರೆ ನಮ್ಮ ಪಠ್ಯಪುಸ್ತಕದ ಮೆಟ್ರಿಕ್ ಲೆಕ್ಕಕ್ಕೆ ಬರುತ್ತದೆ. ಆರ್ 2 ಎಂದರೆ 0.35. ನೆಲಕ್ಕೆ ತಾಗುವ ಮೈಯ ವಿಸ್ತೀರ್ಣ ಅರ್ಧ ಚದರ ಮೀಟರ್, ಮೈ ಬದಿಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್, ಹಿಮದ್ದು ಸೊನ್ನೆ ಎಂದು ಹಿಡಿಯಿರಿ. 0.5ನ್ನು 30ರಿಂದ ಗುಣಿಸಿ 0.35ರಿಂದ ಭಾಗಿಸಿದರೆ ಸುಮಾರು 43 ವ್ಯಾಟ್. ನಿದ್ರಿಸುವ ವಯಸ್ಕನ ದೇಹ ಉತ್ಪಾದಿಸುವ ಶಾಖವೇ 70-80 ವ್ಯಾಟ್‌ನ ಆಸುಪಾಸು. ಅರ್ಧಕ್ಕಿಂತ ಹೆಚ್ಚು ನೆಲದ ಪಾಲು! ಬಟ್ಟೆಬರೆಗಳ ತಡೆ ಸೇರಿದರೆ ನಷ್ಟ ಒಂದಿಷ್ಟು ಇಳಿಯುತ್ತದೆ, ನಿಜ. ಆದರೆ ಮೂರು ಮಿಲಿಮೀಟರಿನ ಹತ್ತಿ ಜಮಖಾನಕ್ಕೆ ಇದೇ ಲೆಕ್ಕ ಹಾಕಿದರೆ ದೇಹ ಉತ್ಪಾದಿಸುವುದಕ್ಕಿಂತ ಹೋಗುವುದೇ ಜಾಸ್ತಿ ಎಂದು ಬರುತ್ತದೆ. ಅಂಥ ರಾತ್ರಿ ನಿದ್ದೆ ಕೆಡುವುದಷ್ಟೇ ಅಲ್ಲ, ಮೈಯ ಉಷ್ಣತೆಯೇ ಕುಸಿದು ಜೀವಕ್ಕೆ ಅಪಾಯವಾಗಬಹುದು.

ಹಿಂದೆ ಒಂದೊಂದು ಕಂಪನಿ ತನಗೆ ತೋಚಿದಂತೆ ಈ ಅಂಕಿ ಹಾಕಿಕೊಳ್ಳುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್ 3340 ಎಂಬ ಒಂದೇ ಪರೀಕ್ಷಾ ವಿಧಾನ ಬಂದ ಮೇಲೆ, ಅದರಂತೆ ಅಳೆದ ಹಾಸುಗಳನ್ನು ಹೋಲಿಸಿ ನೋಡಬಹುದಾಗಿದೆ. ಅಂಕಿಯೇ ಇಲ್ಲದ ಹಾಸನ್ನು 'ಮೈನಸ್ ಹತ್ತಕ್ಕೂ ಆಗುತ್ತದೆ' ಎಂದು ಅಂಗಡಿಯವರು ಹೇಳಿದರೆ ನಂಬಬೇಕಿಲ್ಲ.

ಅಗ್ಗವೂ ಗಟ್ಟಿಮುಟ್ಟೂ ಆದದ್ದು ಫೋಮ್ ಹಾಳೆ. ಅದರ ಗುಳ್ಳೆಗಳು ಒಂದಕ್ಕೊಂದು ಸಂಪರ್ಕವಿಲ್ಲದೆ ಮುಚ್ಚಿಕೊಂಡಿರುವುದರಿಂದ ಗಾಳಿ ಅಲುಗದು, ನೀರು ಒಳಸೇರದು. ತೂಕ 400 ಗ್ರಾಂ ಆಸುಪಾಸು, ದಪ್ಪ ಎರಡು ಸೆಂಟಿಮೀಟರ್, ಆರ್ ಮೌಲ್ಯ ಎರಡರ ಹತ್ತಿರ. ಮುಳ್ಳು ಚುಚ್ಚಿದರೂ ಕೆಡುವುದಿಲ್ಲ. ಪಶ್ಚಿಮಘಟ್ಟದ ರಾತ್ರಿಗಳಿಗೆ ಇದೇ ಸಾಕು, ಹೆಚ್ಚಿನ ಖರ್ಚು ಬೇಡ. ಆದರೆ ನೋಡಲು ಹಾಗೆಯೇ ಇರುವ ಸ್ಪಂಜಿನ ಹಾಳೆ ಬೇರೆ. ಒಂದು ಮೂಲೆಯನ್ನು ನೀರಿನಲ್ಲಿ ಅದ್ದಿ ಹಿಂಡಿದರೆ ಗುಟ್ಟು ಬಯಲಾಗುತ್ತದೆ. ಯೋಗದ ಚಾಪೆಯನ್ನೇ ಒಯ್ಯುವವರೂ ಇದ್ದಾರೆ. ಅದು ತೆಳು, ಮೇಲಾಗಿ ರಬ್ಬರಿನಂಥದ್ದಾದರೆ ಭಾರ.

ಗಾಳಿ ತುಂಬುವ ಹಾಸು ಮೆತ್ತಗೆ, ಮಡಚಿದರೆ ನೀರಿನ ಬಾಟಲಿಯಷ್ಟು. ಒಂದೇ ಮಗ್ಗುಲಲ್ಲಿ ಮಲಗುವವರ ಸೊಂಟಕ್ಕೆ ಇದರ ಏಳೆಂಟು ಸೆಂಟಿಮೀಟರ್ ದಪ್ಪ ಹಿತವಾಗುತ್ತದೆ. ಆದರೆ ಕೊಳದಲ್ಲಿ ತೇಲಲು ಬಳಸುವ ಬರೀ ಗಾಳಿಚೀಲ ಹಿಮದ ಮೇಲೆ ಉಪಯೋಗವಿಲ್ಲ. ಅದರೊಳಗೆ ಗಾಳಿ ಸಂವಹನದಿಂದ ಸುತ್ತುತ್ತ ಶಾಖವನ್ನು ನೆಲಕ್ಕೆ ಸಾಗಿಸುತ್ತದೆ. ಇದಕ್ಕೇ ಒಳ್ಳೆಯ ಹಾಸಿನೊಳಗೆ ನಾರಿನ ಪದರವನ್ನೋ ಹೊಳೆಯುವ ತೆಳು ಹಾಳೆಗಳನ್ನೋ ಇಟ್ಟಿರುತ್ತಾರೆ. (ಫೋಮಿನ ಮೇಲೆ ಬೆಳ್ಳಿಬಣ್ಣದ ಹಾಳೆ ಅಂಟಿಸಿದ್ದನ್ನು ಕಂಡು ಮರುಳಾಗುವುದು ಬೇಡ. ಹೊಳಪಿನ ಮೇಲ್ಮೈ ತಡೆಯುವುದು ವಿಕಿರಣವನ್ನು. ನಡುವೆ ಗಾಳಿಯ ಅಂತರವಿಲ್ಲದೆ ಮೈಗೆ ತಾಗಿದ್ದರೆ ಪ್ರಯೋಜನ ಅಲ್ಪ.)

ತಾನೇ ಉಬ್ಬುವ ಹಾಸು ಇವೆರಡರ ನಡುವಿನದು. ಗಾಳಿಯಾಡದ ಚೀಲದೊಳಗೆ ಸ್ಪಂಜು. ಬಿರಡೆ ತೆರೆದರೆ ಸ್ಪಂಜು ಅರಳುತ್ತ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೋಯಿಂಗ್ ವಿಮಾನ ಕಂಪನಿಯ ಕೆಲಸ ಕಳೆದುಕೊಂಡ ಎಂಜಿನಿಯರುಗಳು ಇದನ್ನು ರೂಪಿಸಿ 'ಥರ್ಮರೆಸ್ಟ್' ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಆರಾಮವೇನೋ ಚೆನ್ನ, ಆದರೆ ಹಲವು ಮಾದರಿಗಳು ಗಾಳಿಹಾಸಿಗಿಂತ ಭಾರ.

ಗಾಳಿಹಾಸಿನವರು ಚಾರ್ಲ್ಸ್‌ನ ನಿಯಮವನ್ನು ನೆನಪಿಡಬೇಕು. ಬಾಯಿಂದ ಊದಿದ 33 ಡಿಗ್ರಿಯ ಗಾಳಿ ಸೊನ್ನೆಗಿಳಿದರೆ ಗಾತ್ರ ಹತ್ತನೇ ಒಂದಂಶದಷ್ಟು ಕುಗ್ಗುತ್ತದೆ. ನಡುರಾತ್ರಿ ಹಾಸು ಮೆತ್ತಗಾದ ಮಾತ್ರಕ್ಕೆ ತೂತು ಬಿದ್ದಿದೆ ಎಂದು ಗಾಬರಿಯಾಗದೆ ಮಲಗುವ ಮುಂಚೆ ಇನ್ನೊಮ್ಮೆ ಊದಿಕೊಂಡರಾಯಿತು. ತೂತೇ ಬಿದ್ದರೆ ಸೈಕಲ್ ಟ್ಯೂಬಿನಂತೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಹುಡುಕಿ ಪ್ಯಾಚು ಹಾಕಬಹುದು. ಅಂಟು, ಪ್ಯಾಚು ಚೀಲದಲ್ಲಿರಲಿ.

ಹಿಮದ ಚಾರಣಕ್ಕೆ ದುಬಾರಿ ಹಾಸು ಕೊಳ್ಳಲಾಗದವರಿಗೆ ಒಂದು ಉಪಾಯವಿದೆ. ಒಂದರ ಮೇಲೊಂದು ಹಾಸಿದಾಗ ಆರ್ ಮೌಲ್ಯಗಳು ಕೂಡಿಕೊಳ್ಳುತ್ತವೆ. ಎರಡು ಫೋಮ್ ಹಾಳೆ ಸೇರಿದರೆ ನಾಲ್ಕು, ಮೇಲಿನ ಲೆಕ್ಕದ 43 ವ್ಯಾಟ್ 21ಕ್ಕೆ ಇಳಿಯುತ್ತದೆ. ಭುಜದಿಂದ ಮೊಣಕಾಲಿನವರೆಗೆ ಮಾತ್ರ ಎರಡು ಪದರ ಹಾಕಿ, ಪಾದದ ಕೆಳಗೆ ಖಾಲಿ ಬೆನ್ನುಚೀಲ ಇಟ್ಟು ತೂಕ ಉಳಿಸುವವರಿದ್ದಾರೆ. ಚಾರಣ ಏರ್ಪಡಿಸುವ ಕೆಲವು ಸಂಸ್ಥೆಗಳು ಹಾಸನ್ನೂ ಒದಗಿಸುತ್ತವೆ. ಹಣ ಕಟ್ಟುವ ಮುನ್ನ ಪೋಷಕರು ಅದು ಯಾವ ಬಗೆಯದು, ಎಷ್ಟು ದಪ್ಪ ಎಂದು ಕೇಳಿ ತಿಳಿಯುವುದು ಒಳ್ಳೆಯದು.

ಕೊಂಡ ಹಾಸನ್ನು ಹೊರಡುವ ವಾರ ಮೊದಲೇ ಮನೆಯ ಕಲ್ಲುನೆಲದ ಮೇಲೆ ಹಾಸಿ ಒಂದು ರಾತ್ರಿ ಮಲಗಿ ನೋಡಬೇಕು. ಗಾಳಿಹಾಸಾದರೆ ಪೂರ್ತಿ ಊದಿ, ಮಗ್ಗುಲಾಗಿ ಮಲಗಿಕೊಂಡೇ ಬಿರಡೆಯಿಂದ ತುಸು ತುಸು ಗಾಳಿ ಬಿಡಬೇಕು. ಸೊಂಟ ನೆಲಕ್ಕೆ ತಾಗಲು ಇನ್ನೇನು ಸ್ವಲ್ಪವಿದೆ ಎನ್ನುವಾಗ ಬಿರಡೆ ಮುಚ್ಚಿದರೆ ಅದೇ ಸರಿಯಾದ ಹದ.