ಟೆನ್ನಿಸ್ ಆಡದವರ ‘ಟೆನ್ನಿಸ್ ಎಲ್ಬೋ’: ಈ ನೋವು ಯಾರದ್ದು?

ಫಿಸಿಯೊಥೆರಪಿಸ್ಟ್ ಆಗಿ ನಾನು ಪದೇ ಪದೇ ನೋಡುವ ಮೊಣಕೈ ನೋವಿನ ಹೆಸರು ‘ಟೆನ್ನಿಸ್ ಎಲ್ಬೋ’. ಆದರೆ ಈ ನೋವು ಹೊತ್ತು ಬರೋರು ಟೆನ್ನಿಸ್ ಆಟಗಾರರಲ್ಲ. ಮನೆಗೆಲಸದ ಅಕ್ಕಂದಿರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಗಾರೆ ಕೆಲಸದವರು, ಮೆಕ್ಯಾನಿಕ್‌ಗಳು, ದಿನವಿಡೀ ಮೌಸ್ ಹಿಡಿದು ಕೂರುವ ಐಟಿ ಹುಡುಗರು. 1880ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯರು ಲಾನ್ ಟೆನ್ನಿಸ್ ಆಡುವವರ ಕೈನೋವಿನ ಬಗ್ಗೆ ಬರೆದರು. ಹೆಸರು ಹಾಗೇ ಅಂಟಿಕೊಂಡಿತು.

ಒಳಗೆ ಆಗೋದೇನು?

ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ಮೊಣಕೈಯ ಹೊರಬದಿಯ ಮೂಳೆಗೆ ಸ್ನಾಯುರಜ್ಜುವಿನ ಮೂಲಕ ಅಂಟಿಕೊಂಡಿವೆ. ಹಿಂಡುವುದು, ತಿರುಗಿಸುವುದು, ಬಿಗಿಯಾಗಿ ಹಿಡಿಯುವುದು ಬಿಡುವಿಲ್ಲದೆ ನಡೆದಾಗ ಆ ರಜ್ಜುವಿನ ಎಳೆಗಳು ಸವೆಯುತ್ತವೆ. ದುರಸ್ತಿಗೆ ಸಮಯವೇ ಸಿಗಲ್ಲ. ಆಮೇಲೆ ಟೀ ಲೋಟ ಎತ್ತಿದರೂ, ಬಟ್ಟೆ ಹಿಂಡಿದರೂ ನೋವು.

ಮಾಡಬೇಕಾದ್ದೇನು?

ಕೈಯನ್ನು ಪೂರ್ತಿ ಕಟ್ಟಿಹಾಕಬೇಡಿ, ಭಾರ ಕಡಿಮೆ ಮಾಡಿ. ಚೀಲ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ, ಹಸ್ತ ಅಂಚಿನಿಂದ ಹೊರಗಿರುವಂತೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯಿಂದ ಹಸ್ತವನ್ನು ಮೇಲೆತ್ತಿ, ನಿಧಾನವಾಗಿ ಇಳಿಸಿ. ಹತ್ತು-ಹದಿನೈದು ಸಲ ಸಾಕು. ಸ್ವಲ್ಪ ನೋವಾದರೆ ಪರವಾಗಿಲ್ಲ; ಹೆಚ್ಚಾದರೆ ಭಾರ ಇಳಿಸಿ. ಬಹುತೇಕರಿಗೆ ಒಂದೆರಡು ವರ್ಷದೊಳಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ವಾಸಿಯಾಗುತ್ತೆ.

ಸ್ಟೀರಾಯ್ಡ್ ಇಂಜೆಕ್ಷನ್‌ಗೆ ಅವಸರ ಬೇಡ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಇಂಜೆಕ್ಷನ್ ಪಡೆದವರು ಆರು ವಾರಕ್ಕೆ ಮುಂದಿದ್ದರು. ವರ್ಷದ ಕೊನೆಗೆ ವ್ಯಾಯಾಮ ಮಾಡಿದವರಿಗಿಂತ ಹಿಂದೆ ಬಿದ್ದಿದ್ದರು. ಬಿದ್ದು ಪೆಟ್ಟಾಗಿದ್ದರೆ, ಊತ-ಜ್ವರ ಇದ್ದರೆ, ಬೆರಳು ಜೋಮು ಹಿಡಿದರೆ ಮನೆಮದ್ದು ಬಿಟ್ಟು ವೈದ್ಯರ ಹತ್ತಿರ ಹೋಗಿ.

ರೆಸ್ಟ್ ತಗೊಳ್ಳಿ ಅನ್ನೋದು ಸುಲಭ

‘ಎರಡು ವಾರ ಭಾರ ಎತ್ತಬೇಡಿ’ ಅಂತ ನಾನು ಬರೆದುಕೊಡಬಹುದು. ದಿನಗೂಲಿಯವರಿಗೆ ಅದು ಎರಡು ವಾರದ ಕೂಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ, ಬಲ ಹಾಕಿ ಪದೇ ಪದೇ ಮಾಡುವ ಕೆಲಸದಿಂದ ಬರುವ ಈ ನೋವು ಇದೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಸೀಸದ ವಿಷ, ಸಿಲಿಕೋಸಿಸ್, ಸದ್ದಿನಿಂದ ಬರುವ ಕಿವುಡು ಇದ್ದವು, ಇದು ಇರಲಿಲ್ಲ. ಪಟ್ಟಿಯಲ್ಲಿಲ್ಲದ ನೋವನ್ನು ಯಾರೂ ಲೆಕ್ಕ ಇಡೋದಿಲ್ಲ. ಲೆಕ್ಕಕ್ಕಿಲ್ಲದಿದ್ದರೆ ಮಾಲೀಕರು ಟಾರ್ಗೆಟ್ ಇಳಿಸೋದಿಲ್ಲ, ಬಿಡುವೂ ಕೊಡೋದಿಲ್ಲ. ವ್ಯಾಯಾಮ ನಾನು ಹೇಳಿಕೊಡಬಲ್ಲೆ. ಕೆಲಸದ ನಡುವೆ ಹತ್ತು ನಿಮಿಷದ ಬಿಡುವನ್ನು ಕೇಳಿ ಪಡೆಯಬೇಕಾದದ್ದು ಸಂಘಟನೆಯಿಂದಲೇ.